ಟೋಕಿಯೊ ಮಕ್ಕಳು ಬೇಡಿ ಪಡೆದ ಆನೆ

ಚಿಕ್ಕ ಮಕ್ಕಳನ್ನು ಕರೆದುಕೊಂಡು ದೊಡ್ಡ ನಗರಕ್ಕೆ ಹೋಗುವುದೆಂದರೆ ತಂದೆತಾಯಿಗಳಿಗೆ ಅರ್ಧ ಸಂತೋಷ, ಅರ್ಧ ಆತಂಕ. ಅದರಲ್ಲೂ ಸುಮಾರು 1 ಕೋಟಿ 40 ಲಕ್ಷ ಜನ ವಾಸಿಸುವ ಟೋಕಿಯೊದಂಥ ನಗರವಾದರೆ ಆತಂಕದ ಪಾಲೇ ಹೆಚ್ಚು. ಭಾಷೆ ಬಾರದು, ಊಟ ಒಗ್ಗುವುದೋ ಇಲ್ಲವೋ ತಿಳಿಯದು, ರೈಲು ನಿಲ್ದಾಣಗಳಲ್ಲಿ ಜನಸಾಗರ. ಆದರೂ ಮಕ್ಕಳೊಂದಿಗೆ ಈ ನಗರಕ್ಕೆ ಹೋಗಿ ಬಂದವರ ಅನುಭವ ಬೇರೆಯೇ. ಆರು ವರ್ಷ ತುಂಬದ ಮಕ್ಕಳಿಗೆ, ಜೊತೆಯಲ್ಲಿ ಟಿಕೆಟ್ ಪಡೆದ ಹಿರಿಯರಿದ್ದರೆ, ರೈಲಿನಲ್ಲಿ ಸಾಮಾನ್ಯವಾಗಿ ಟಿಕೆಟ್ ಬೇಡ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅರ್ಧ ದರ. ಹೋಟೆಲುಗಳಲ್ಲಿ ಮಕ್ಕಳಿಗೆಂದೇ ಬೇರೆ ತಟ್ಟೆ, ಅದರ ಅನ್ನದ ಗುಪ್ಪೆಯ ಮೇಲೆ ಪುಟ್ಟ ಬಾವುಟ. ಈ ಬಾವುಟದ ಊಟ 1930ರಲ್ಲಿ ಟೋಕಿಯೊದ ನಿಹೋನ್‌ಬಾಶಿಯ ಮಿತ್ಸುಕೋಶಿ ಮಳಿಗೆಯ ಭೋಜನಶಾಲೆಯಲ್ಲಿ ಆರಂಭವಾಯಿತು. ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋಗುವ ರೂಢಿ ಈ ನಗರದಲ್ಲಿ ಅಷ್ಟು ಹಳೆಯದು.

ಇಂಥ ಕುಟುಂಬಗಳು ತಪ್ಪದೆ ಹೋಗುವ ಜಾಗವೊಂದುಂಟು. ಅದು ನಗರದ ಈಶಾನ್ಯ ಭಾಗದಲ್ಲಿರುವ ಉಯೆನೊ. ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ವಿಶಾಲವಾದ ಉದ್ಯಾನ, ಉದ್ಯಾನದ ಒಳಗೆ ವಸ್ತುಸಂಗ್ರಹಾಲಯಗಳು, ತಾವರೆ ತುಂಬಿದ ಶಿನೊಬಾಜು ಕೊಳ, ಇವುಗಳ ನಡುವೆ ಉಯೆನೊ ಮೃಗಾಲಯ. ಹಿರಿಯರಿಗೆ 600 ಯೆನ್ ಪ್ರವೇಶ ಶುಲ್ಕ. ಪ್ರಾಥಮಿಕ ಶಾಲೆಯವರೆಗಿನ ಮಕ್ಕಳಿಗೆ ಶುಲ್ಕವೇ ಇಲ್ಲ. ಪೂರ್ವ ಮತ್ತು ಪಶ್ಚಿಮ ತೋಟಗಳನ್ನು ಜೋಡಿಸುವ ಸೇತುವೆಗೆ ಪ್ರಾಣಿಕಥೆಗಳ ಈಸೋಪನ ಹೆಸರು.

ಪೂರ್ವ ತೋಟದ ಆನೆಮನೆಯ ಮುಂದೆ ಮಕ್ಕಳ ಗುಂಪು ಸದಾ ಇರುತ್ತದೆ. ಆದರೆ ಈ ಆನೆಮನೆ ಕೇವಲ ನೋಡಿ ನಲಿಯುವ ಜಾಗವಲ್ಲ. ಹಿರಿಯರು ಮಕ್ಕಳಿಗೆ ಸುಳ್ಳು ಹೇಳಿದ ಕಥೆಯೊಂದು, ಮಕ್ಕಳೇ ಮುಂದೆ ನಿಂತು ಹಿರಿಯರಿಂದ ಕೆಲಸ ಮಾಡಿಸಿದ ಕಥೆಯೊಂದು ಇದರ ಹಿಂದಿವೆ. ಎರಡನೆಯ ಕಥೆಯಲ್ಲಿ ನಮ್ಮ ಮೈಸೂರು ಸೀಮೆಯ ಆನೆಯೂ ಒಂದಿದೆ.

ಯುದ್ಧಭೂಮಿ ಉದ್ಯಾನವಾದದ್ದು

ಉಯೆನೊ ಗುಡ್ಡದ ಮೇಲೆ 1625ರಲ್ಲಿ ಕಾನ್‌ಎಜಿ ಎಂಬ ಬೌದ್ಧ ದೇವಾಲಯ ಕಟ್ಟಲ್ಪಟ್ಟಿತು. ಜಪಾನನ್ನು ಎರಡೂವರೆ ಶತಮಾನ ಆಳಿದ ತೊಕುಗಾವಾ ಮನೆತನಕ್ಕೆ ಸೇರಿದ ದೇವಾಲಯವದು. 1868ರಲ್ಲಿ ಆ ಮನೆತನದ ಆಳ್ವಿಕೆ ಮುಗಿದು ಚಕ್ರವರ್ತಿಯ ಹೊಸ ಸರ್ಕಾರ ಬಂದಾಗ, ಹಳೆಯ ಪಕ್ಷದ ಯೋಧರು ಇಲ್ಲಿ ನಿಂತು ಹೋರಾಡಿ ಸೋತರು. ದೇವಾಲಯದ ಬಹುಭಾಗ ಸುಟ್ಟುಹೋಯಿತು. ಸುಟ್ಟ ನೆಲವನ್ನು 1873ರಲ್ಲಿ ಸಾರ್ವಜನಿಕ ಉದ್ಯಾನವೆಂದು ಘೋಷಿಸಲಾಯಿತು. ಜಪಾನಿನ ಮೊದಲ ಸಾರ್ವಜನಿಕ ಉದ್ಯಾನಗಳಲ್ಲಿ ಇದೂ ಒಂದು. ಬೆಂಕಿಯಿಂದ ಉಳಿದ, 1639ರಲ್ಲಿ ಕಟ್ಟಿದ ಐದು ಅಂತಸ್ತಿನ ಗೋಪುರ ಈಗ ಮೃಗಾಲಯದ ಆವರಣದೊಳಗೇ ಇದೆ. ಪ್ರಾಣಿಗಳನ್ನು ನೋಡುತ್ತ ಹೋಗುವ ಮಕ್ಕಳಿಗೆ ಮರಗಳ ಸಂದಿಯಲ್ಲಿ ಅದು ಕಾಣುತ್ತದೆ.

ಮೃಗಾಲಯ ತೆರೆದದ್ದು 1882ರ ಮಾರ್ಚ್ 20ರಂದು. ಜಪಾನಿನಲ್ಲಿ ಅತ್ಯಂತ ಹಳೆಯ ಮೃಗಾಲಯವಿದು. ನಮ್ಮ ಮೈಸೂರಿನ ಮೃಗಾಲಯ ಆರಂಭವಾದದ್ದು 1892ರಲ್ಲಿ. ಉಯೆನೊ ಅದಕ್ಕಿಂತ ಹತ್ತು ವರ್ಷ ಹಿರಿಯದು. ಮೈಸೂರಿನದು ಅರಮನೆಯ ಆಸಕ್ತಿಯಿಂದ ಹುಟ್ಟಿದಂತೆ, ಉಯೆನೊದ್ದೂ ಬಹುಕಾಲ ಅರಮನೆಯ ಇಲಾಖೆಯ ಕೈಯಲ್ಲಿತ್ತು. 1924ರಲ್ಲಿ ಯುವರಾಜ ಹಿರೊಹಿಟೊ ಅವರ ವಿವಾಹದ ನೆನಪಿಗೆ ಉದ್ಯಾನವನ್ನೂ ಮೃಗಾಲಯವನ್ನೂ ಟೋಕಿಯೊ ನಗರಕ್ಕೆ ಕೊಡಲಾಯಿತು. ಹಿಂದಿನ ವರ್ಷ, 1923ರ ಸೆಪ್ಟೆಂಬರ್ 1ರಂದು, ಭಾರಿ ಭೂಕಂಪ ಮತ್ತು ಬೆಂಕಿಯಲ್ಲಿ ಟೋಕಿಯೊ ಹಾಗೂ ಸುತ್ತಲಿನ ಪ್ರದೇಶದ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಮನೆ ಕಳೆದುಕೊಂಡವರಿಗೆ ಆಶ್ರಯ ಕೊಟ್ಟ ಬಯಲುಗಳಲ್ಲಿ ಉಯೆನೊ ಮುಖ್ಯವಾದದ್ದು.

ನಗರ ಮತ್ತೆ ಎದ್ದು ನಿಂತಾಗ ಕುಟುಂಬದೊಂದಿಗೆ ಹೊರಗೆ ಹೋಗುವುದು ಮಧ್ಯಮ ವರ್ಗದ ಹೊಸ ರೂಢಿಯಾಯಿತು. 1927ರ ಡಿಸೆಂಬರ್ 30ರಂದು ಏಷ್ಯಾದ ಮೊದಲ ಸುರಂಗ ರೈಲು ಓಡಿದ್ದು ಉಯೆನೊದಿಂದ ಅಸಾಕುಸಾಗೆ. ಕೇವಲ 2.2 ಕಿಲೋಮೀಟರ್ ದಾರಿಗೆ ಜನ ಸಾಲುಗಟ್ಟಿ ನಿಂತರು. ಅಸಾಕುಸಾದಲ್ಲಿ ದೇವಸ್ಥಾನ, ಮಳಿಗೆಗಳ ತಾರಸಿಯ ಮೇಲೆ ಮಕ್ಕಳ ಆಟದ ಯಂತ್ರಗಳು, ಉಯೆನೊದಲ್ಲಿ ಮೃಗಾಲಯ. ಒಂದು ಭಾನುವಾರಕ್ಕೆ ಇಷ್ಟು ಸಾಕು. ಮೃಗಾಲಯದಲ್ಲಿ ಮಕ್ಕಳ ಅಚ್ಚುಮೆಚ್ಚು ಮೂರು ಆನೆಗಳು. ಜಾನ್ ಮತ್ತು ಟೊಂಕಿ 1924ರಲ್ಲಿ ಭಾರತದಿಂದ ಬಂದವು. 1935ರಲ್ಲಿ ಥಾಯ್ಲೆಂಡಿನಿಂದ ಬಂದ ವಾನ್ರಿಯನ್ನು ಅಲ್ಲಿಯ ಮಕ್ಕಳು ಹನಾಕೊ ಎಂದು ಕರೆಯುತ್ತಿದ್ದರು.

ಪರದೆಯ ಹಿಂದೆ

1943ರ ಆಗಸ್ಟ್ ತಿಂಗಳಲ್ಲಿ ಈ ಮೃಗಾಲಯಕ್ಕೆ ಆಜ್ಞೆಯೊಂದು ಬಂತು: ಅಪಾಯಕಾರಿ ಪ್ರಾಣಿಗಳನ್ನು ಕೊಲ್ಲಬೇಕು. ಆಜ್ಞೆ ಹೊರಡಿಸಿದವರು ಟೋಕಿಯೊ ಮಹಾನಗರಾಡಳಿತದ ಮೊದಲ ಗವರ್ನರ್ ಶಿಗೆಯೊ ಒಡಾಚಿ. ಅದಕ್ಕೆ ಮೊದಲು ಅವರು ಜಪಾನ್ ವಶಪಡಿಸಿಕೊಂಡಿದ್ದ ಸಿಂಗಪುರದ ಮೇಯರ್ ಆಗಿದ್ದರು. ಮೃಗಾಲಯದ ನಿರ್ದೇಶಕ ತದಮಿಚಿ ಕೊಗಾ ಸೈನ್ಯಕ್ಕೆ ಹೋಗಿದ್ದರಿಂದ ಹೊಣೆ ಸಬುರೊ ಫುಕುಡಾ ಎಂಬ ಅಧಿಕಾರಿಯ ಮೇಲೆ ಬಿತ್ತು. ಸಿಂಹ, ಹುಲಿ, ಚಿರತೆ, ಕರಡಿಗಳು ಒಂದೊಂದಾಗಿ ಸತ್ತವು. ಸದ್ದು ಕೇಳಿ ಜನ ಗಾಬರಿಗೊಳ್ಳಬಾರದೆಂದು ಬಂದೂಕಿನ ಬದಲು ಹೆಚ್ಚಾಗಿ ವಿಷವನ್ನೇ ಬಳಸಲಾಯಿತು.

ಆನೆಗಳ ವಿಷಯದಲ್ಲಿ ಅದು ನಡೆಯಲಿಲ್ಲ. ವಿಷ ಬೆರೆಸಿದ ಆಲೂಗೆಡ್ಡೆಯನ್ನು ಅವು ಗುರುತಿಸಿ ಪಕ್ಕಕ್ಕೆ ಎಸೆದವು. ಸೂಜಿ ಅವುಗಳ ಚರ್ಮಕ್ಕೆ ಇಳಿಯಲಿಲ್ಲ. ಉಳಿದದ್ದು ಒಂದೇ ದಾರಿ: ಅನ್ನ ನೀರು ನಿಲ್ಲಿಸುವುದು. ಟೊಂಕಿ ಸೌಮ್ಯ ಸ್ವಭಾವದ ಹೆಣ್ಣಾನೆ. ಅದನ್ನು ಸೆಂಡಾಯ್ ನಗರದ ಮೃಗಾಲಯಕ್ಕೆ ಕಳಿಸಿ ಉಳಿಸಲು ಫುಕುಡಾ ಏರ್ಪಾಡು ಮಾಡಿದ್ದರು. ಗವರ್ನರ್ ಒಪ್ಪಲಿಲ್ಲ. ಪಾಲಕರು ಬಳಿಗೆ ಬಂದಾಗಲೆಲ್ಲ ಹಸಿದ ಆನೆಗಳು ತಾವು ಕಲಿತಿದ್ದ ಆಟಗಳನ್ನು ಆಡಿ ತೋರಿಸಿದವು. ಆಟ ತೋರಿಸಿದರೆ ತಿಂಡಿ ಸಿಗುತ್ತದೆ ಎಂಬುದಷ್ಟೇ ಅವುಗಳಿಗೆ ಗೊತ್ತಿದ್ದದ್ದು.

ಜಾನ್ ಆಗಸ್ಟ್ 29ರಂದು ಸತ್ತಿತು. ಸೆಪ್ಟೆಂಬರ್ 4ರಂದು ಮೃಗಾಲಯದಲ್ಲಿ ಸತ್ತ ಪ್ರಾಣಿಗಳಿಗಾಗಿ ದೊಡ್ಡದೊಂದು ಶ್ರದ್ಧಾಂಜಲಿ ಸಭೆ ನಡೆಯಿತು. ಬೌದ್ಧ ಸನ್ಯಾಸಿಗಳು ಮಂತ್ರ ಹೇಳಿದರು, ಗವರ್ನರ್ ಬಂದರು, ಶಾಲಾ ಮಕ್ಕಳನ್ನೂ ಸಾಲಾಗಿ ಕರೆತರಲಾಯಿತು. ಆ ಹೊತ್ತಿಗೆ ಟೊಂಕಿ ಮತ್ತು ಹನಾಕೊ ಇನ್ನೂ ಸತ್ತಿರಲಿಲ್ಲ. ಆನೆಮನೆಗೆ ಅಡ್ಡಲಾಗಿ ಕಟ್ಟಿದ್ದ ಪರದೆಯ ಹಿಂದೆ ಅವು ಹಸಿವಿನಿಂದ ನರಳುತ್ತಿದ್ದವು. ಹನಾಕೊ ಸೆಪ್ಟೆಂಬರ್ 11ರಂದು, ಟೊಂಕಿ ಸೆಪ್ಟೆಂಬರ್ 23ರಂದು ಸತ್ತವು. ಮಕ್ಕಳು ಕೈಮುಗಿದು ಕಂಬನಿ ಮಿಡಿದದ್ದು ಜೀವಂತವಿದ್ದ ಆನೆಗಳ ಹೆಸರಿಗೂ ಸೇರಿಸಿಯೇ.

ಈ ಘಟನೆಯನ್ನು ಜಪಾನಿನ ಮಕ್ಕಳು ತಿಳಿದುಕೊಂಡದ್ದು ಮುಖ್ಯವಾಗಿ ಯುಕಿಯೊ ತ್ಸುಚಿಯಾ ಅವರು 1951ರಲ್ಲಿ ಬರೆದ ‘ಪಾಪದ ಆನೆಗಳು’ ಎಂಬ ಅರ್ಥದ ಹೆಸರಿನ ಕಥೆಯಿಂದ. ಅದು ಪಠ್ಯಪುಸ್ತಕಗಳಲ್ಲಿ ಬಂತು, ಚಿತ್ರಪುಸ್ತಕವಾಯಿತು. ಯುದ್ಧ ಮುಗಿದ ದಿನವಾದ ಆಗಸ್ಟ್ 15ರಂದು ಅದನ್ನು ರೇಡಿಯೊದಲ್ಲಿ ಓದುವ ಪದ್ಧತಿ ದೀರ್ಘಕಾಲ ನಡೆಯಿತು. ಬಾಂಬುಗಳು ಬೀಳುತ್ತಿದ್ದವು, ಬೋನು ಒಡೆದು ಪ್ರಾಣಿಗಳು ಹೊರಬಂದರೆ ಜನರಿಗೆ ಅಪಾಯ, ಆದ್ದರಿಂದ ಬೇರೆ ದಾರಿಯಿರಲಿಲ್ಲ ಎಂಬ ಚಿತ್ರ ಈ ಕಥೆಯಿಂದ ಜನರ ಮನಸ್ಸಿನಲ್ಲಿ ಉಳಿಯಿತು.

ಇತಿಹಾಸಕಾರರು ಇಲ್ಲೊಂದು ಪ್ರಶ್ನೆ ಎತ್ತಿದ್ದಾರೆ. 1942ರ ಏಪ್ರಿಲಿನ ಒಂದು ಸಣ್ಣ ದಾಳಿಯನ್ನು ಬಿಟ್ಟರೆ ಟೋಕಿಯೊ ಮೇಲೆ ವಿಮಾನದಾಳಿಗಳು ಆರಂಭವಾದದ್ದು 1944ರ ನವೆಂಬರಿನಲ್ಲಿ. ಪ್ರಾಣಿಗಳನ್ನು ಕೊಂದದ್ದು ಅದಕ್ಕೆ ಒಂದು ವರ್ಷಕ್ಕೂ ಮೊದಲು. ಹಾಗಾದರೆ ಅವಸರವೇನಿತ್ತು? ಸಿಂಗಪುರದಿಂದ ಬಂದ ಗವರ್ನರ್‌ಗೆ ಯುದ್ಧ ಯಾವ ಕಡೆ ಹೊರಳುತ್ತಿದೆ ಎಂಬುದು ಗೊತ್ತಿತ್ತು, ರಾಜಧಾನಿಯ ಜನರಿಗೆ ಗೊತ್ತಿರಲಿಲ್ಲ. ಗೆಲ್ಲುತ್ತಿದ್ದೇವೆಂಬ ಸುದ್ದಿಯನ್ನೇ ಕೇಳುತ್ತಿದ್ದ ಜನರಿಗೆ, ಕಠಿಣ ದಿನಗಳು ಬರಲಿವೆ, ತ್ಯಾಗಕ್ಕೆ ಸಿದ್ಧರಾಗಿ ಎಂದು ಬಾಯಿಬಿಟ್ಟು ಹೇಳದೆ ಹೇಳುವ ಉಪಾಯ ಇದಾಗಿತ್ತು ಎಂದು ಈ ಇತಿಹಾಸಕಾರರು ವಿವರಿಸುತ್ತಾರೆ. ಅಂದರೆ ಆನೆಗಳು ಬಾಂಬಿಗೆ ಹೆದರಿದ ಜನರಿಂದ ಸಾಯಲಿಲ್ಲ. ಜನರಿಗೆ ಪಾಠ ಕಲಿಸಲು ಹೊರಟ ಆಡಳಿತದಿಂದ ಸತ್ತವು.

ಮುಂದಿನದು ಆನೆಗಳ ಸರದಿಯಲ್ಲ, ಮಕ್ಕಳ ಸರದಿ. 1944ರಲ್ಲಿ ನಗರದ ಶಾಲೆಗಳ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಹಳ್ಳಿಗಳಿಗೆ ಸಾಗಿಸಲಾಯಿತು. 1945ರ ಮಾರ್ಚ್ 10ರ ಒಂದೇ ರಾತ್ರಿಯ ದಾಳಿಯಲ್ಲಿ ಟೋಕಿಯೊದ ಸುಮಾರು ಒಂದು ಲಕ್ಷ ಜನ ಸುಟ್ಟು ಸತ್ತರು. ಹಳ್ಳಿಗಳಿಂದ ಹಿಂದಿರುಗಿದ ಎಷ್ಟೋ ಮಕ್ಕಳಿಗೆ ಮನೆಯೂ ಇರಲಿಲ್ಲ, ಮನೆಯವರೂ ಇರಲಿಲ್ಲ. ಯುದ್ಧ ಮುಗಿದ ಮೇಲೆ ಇಂಥ ಅನಾಥ ಮಕ್ಕಳು ಗುಂಪುಗುಂಪಾಗಿ ರಾತ್ರಿ ಕಳೆದದ್ದು ಉಯೆನೊ ನಿಲ್ದಾಣದ ನೆಲಮಾಳಿಗೆಯ ದಾರಿಗಳಲ್ಲಿ. ಇಂದು ಕುಟುಂಬಗಳು ಮೃಗಾಲಯಕ್ಕೆಂದು ಇಳಿಯುವ ನಿಲ್ದಾಣವೂ ಅದೇ.

ಮಕ್ಕಳ ಸಂಸತ್ತಿನ ನಿರ್ಣಯ

ಸೈನ್ಯದಿಂದ ಮರಳಿ ಬಂದ ಕೊಗಾ ಅವರ ಕೈಗೆ ಸಿಕ್ಕಿದ್ದು ಆನೆ, ಹುಲಿ, ಸಿಂಹಗಳಿಲ್ಲದ ಮೃಗಾಲಯ. ಅವರು ಎದೆಗುಂದಲಿಲ್ಲ. ಮೃಗಾಲಯವೆಂದರೆ ಶಾಂತಿ ಎಂಬುದು ಅವರ ನಂಬಿಕೆ. 1948ರಲ್ಲಿ ಸಾಧು ಪ್ರಾಣಿಗಳನ್ನು ಮುಟ್ಟಿ ನೋಡಬಹುದಾದ ಮಕ್ಕಳ ಮೃಗಾಲಯವನ್ನು ತೆರೆದರು. ಅದೇ ವರ್ಷ ಕೋತಿಯೊಂದು ಚಾಲಕನ ಜಾಗದಲ್ಲಿ ಕೂರುವ ಪುಟಾಣಿ ರೈಲು ಓಡಿತು. ಪ್ರಾಣಿ ಸಂರಕ್ಷಣೆಯ ಕಾನೂನು ಬಂದ ಮೇಲೆ 1974ರಲ್ಲಿ ಅದನ್ನು ನಿಲ್ಲಿಸಲಾಯಿತು. ಎಷ್ಟು ಮಾಡಿದರೂ ಕೊರತೆಯೊಂದು ಉಳಿಯಿತು. ಚಿತ್ರದಲ್ಲಿ ಬಿಟ್ಟರೆ ಆನೆಯನ್ನು ಕಂಡೇ ಇರದ ಒಂದು ತಲೆಮಾರು ಟೋಕಿಯೊದಲ್ಲಿ ಬೆಳೆಯುತ್ತಿತ್ತು.

ಆ ಹೊತ್ತಿಗೆ ಇಡೀ ಜಪಾನಿನಲ್ಲಿ ಉಳಿದಿದ್ದ ಆನೆಗಳು ಎರಡೇ: ನಗೋಯಾ ನಗರದ ಹಿಗಾಶಿಯಾಮಾ ಮೃಗಾಲಯದ ಮಕಾನಿ ಮತ್ತು ಎಲ್ಡೊ. ಅಲ್ಲಿಯ ನಿರ್ದೇಶಕರು ಒತ್ತಾಯಗಳನ್ನು ತಡೆದು ತಮ್ಮ ನಾಲ್ಕು ಆನೆಗಳನ್ನು ಕೊಲ್ಲದೆ ಉಳಿಸಿಕೊಳ್ಳಲು ಹೆಣಗಿದ್ದರು. ಯುದ್ಧಕಾಲದ ಕೊರತೆಯಲ್ಲಿ ಎರಡು ಸತ್ತು ಎರಡು ಬದುಕಿದವು. ಬೇರೆ ದಾರಿಯಿರಲಿಲ್ಲ ಎಂಬ ಮಾತಿಗೆ ಈ ಎರಡು ಆನೆಗಳೇ ಉತ್ತರ.

ಹೊಸ ಸಂವಿಧಾನ ಬಂದ ಆ ದಿನಗಳಲ್ಲಿ ಜಪಾನಿನ ಮಕ್ಕಳಿಗೆ ಪ್ರಜಾಪ್ರಭುತ್ವವನ್ನು ಮಾಡಿ ಕಲಿಯುವ ಅವಕಾಶ ಸಿಕ್ಕಿತ್ತು. ಉಯೆನೊ ಸೇರಿರುವ ತೈತೊ ವಾರ್ಡಿನಲ್ಲಿ ಮಕ್ಕಳ ಸಂಸತ್ತು ಇತ್ತು. 1949ರಲ್ಲಿ ಆ ಸಂಸತ್ತು ನಿರ್ಣಯ ಮಾಡಿತು: ನಗೋಯಾದ ಎರಡು ಆನೆಗಳಲ್ಲಿ ಒಂದನ್ನು ಟೋಕಿಯೊಗೆ ಎರವಲು ಕೇಳಬೇಕು. ಇಬ್ಬರು ಮಕ್ಕಳು ಪ್ರತಿನಿಧಿಗಳಾಗಿ ನಗೋಯಾಕ್ಕೆ ಹೋದರು. ಮೃಗಾಲಯದವರಿಗೂ ಮಕ್ಕಳ ಮೇಲೆ ಕನಿಕರವೇ. ಆದರೆ ಜೊತೆಯಾಗಿಯೇ ಕಷ್ಟ ಕಂಡ ಜೋಡಿಯನ್ನು ಬೇರ್ಪಡಿಸಲು ನೋಡಿದಾಗ ಎರಡೂ ಒಂದನ್ನೊಂದು ಬಿಟ್ಟಿರಲಾರದೆ ಒದ್ದಾಡಿದವು. ಅಗಲಿಸುವುದು ಸಾಧ್ಯವಿಲ್ಲ ಎಂಬುದನ್ನು ಬಂದ ಮಕ್ಕಳೂ ಒಪ್ಪಿಕೊಂಡರು.

ಆನೆ ಮಕ್ಕಳ ಬಳಿಗೆ ಬರಲಾಗದಿದ್ದರೆ ಮಕ್ಕಳೇ ಆನೆಯ ಬಳಿಗೆ ಹೋಗಬೇಕು. ಹೀಗೆ ಹುಟ್ಟಿದ್ದು ‘ಆನೆ ರೈಲು’. ಟೋಕಿಯೊ ಮತ್ತು ಬೇರೆ ಊರುಗಳಿಂದ ಮಕ್ಕಳನ್ನು ತುಂಬಿಕೊಂಡು ವಿಶೇಷ ರೈಲುಗಳು ಅದೇ ವರ್ಷ ನಗೋಯಾಕ್ಕೆ ಓಡಿದವು. ಊಟಕ್ಕೇ ತತ್ವಾರವಾಗಿದ್ದ, ವಿದೇಶಿ ಸೈನ್ಯದ ಆಡಳಿತದಲ್ಲಿದ್ದ ದೇಶವೊಂದು ಆನೆ ತೋರಿಸಲೆಂದು ಮಕ್ಕಳಿಗೆ ರೈಲು ಬಿಟ್ಟಿತು.

ಮೈಸೂರಿನಿಂದ ಬಂದ ಇಂದಿರಾ

ಟೋಕಿಯೊ ಮಕ್ಕಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅವರು ಸ್ವತಂತ್ರ ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. ನಮಗೊಂದು ಆನೆ ಕೊಡಿ ಎಂಬುದು ಅವುಗಳ ಒಕ್ಕಣೆ. ಪತ್ರಗಳೊಂದಿಗೆ ಚಿತ್ರಗಳೂ ಇದ್ದವು. ಜಪಾನಿಗೆ ಬಂದಿದ್ದ ಭಾರತೀಯ ವ್ಯಾಪಾರಿಯೊಬ್ಬರು ಈ ಕಟ್ಟನ್ನು ದೆಹಲಿಗೆ ಒಯ್ದರು.

ನೆಹರೂ ಒಪ್ಪಿದರು. ಆಯ್ಕೆಯಾದದ್ದು ಮೈಸೂರು ಸೀಮೆಯ ಹದಿನೈದು ವರ್ಷದ ಹೆಣ್ಣಾನೆ. ನೆಹರೂ ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು. ಸಮುದ್ರಮಾರ್ಗವಾಗಿ ಹೊರಟ ಇಂದಿರಾ 1949ರ ಸೆಪ್ಟೆಂಬರ್ 25ರಂದು ಟೋಕಿಯೊ ಸೇರಿತು. ಟೊಂಕಿ ಸತ್ತು ಆರು ವರ್ಷ ಎರಡು ದಿನಗಳಾಗಿದ್ದವು. ಮಕ್ಕಳಿಗೆ ನೆಹರೂ ಬರೆದ ಪತ್ರವೂ ಜೊತೆಗಿತ್ತು. ಇದು ತನ್ನ ಕೊಡುಗೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟದ್ದು ಎಂದು ಅವರು ಅದರಲ್ಲಿ ತಿಳಿಸಿದ್ದರು. ಆನೆಯ ಬಲ, ತಾಳ್ಮೆ, ಸೌಮ್ಯತೆಗಳನ್ನು ನೆನೆದು, ಆ ಗುಣಗಳನ್ನು ನಾವೂ ಬೆಳೆಸಿಕೊಳ್ಳೋಣ ಎಂದಿದ್ದರು.

ಇಲ್ಲೊಂದು ತೊಡಕು ಎದುರಾಯಿತು. ಇಂದಿರಾ ಪಳಗಿದ್ದದ್ದು ಕನ್ನಡದ ಮಾತಿಗೆ. ಕೂರು, ಏಳು, ನಡೆ ಎಂದು ಜಪಾನಿ ಭಾಷೆಯಲ್ಲಿ ಎಷ್ಟು ಹೇಳಿದರೂ ಅದಕ್ಕೆ ತಿಳಿಯದು. ಆನೆಯ ಜೊತೆಯಲ್ಲೇ ಬಂದಿದ್ದ ಇಬ್ಬರು ಮಾವುತರು ಕೆಲಕಾಲ ಅಲ್ಲಿಯೇ ಉಳಿದು ಉಯೆನೊದ ಪಾಲಕರಿಗೆ ಆ ಮಾತುಗಳನ್ನು ಹೇಳಿಕೊಟ್ಟರು. ಬೇರೆ ದೇಶಕ್ಕೆ ಹೋದವರು ಅಲ್ಲಿಯ ಭಾಷೆ ಕಲಿಯುವುದು ವಾಡಿಕೆ. ಇಲ್ಲಿ ಆತಿಥೇಯರೇ ಅತಿಥಿಯ ಭಾಷೆ ಕಲಿಯಬೇಕಾಯಿತು.

ಆ ತಿಂಗಳಿನ ಆರಂಭದಲ್ಲಿ ಥಾಯ್ಲೆಂಡಿನಿಂದ ಮರಿಯಾನೆಯೊಂದು ಬಂದಿತ್ತು. ಹಸಿವಿನಿಂದ ಸತ್ತ ಆನೆಯ ನೆನಪಿಗೆ ಅದಕ್ಕೂ ಹನಾಕೊ ಎಂದೇ ಹೆಸರಿಡಲಾಯಿತು. ಮುಂದೆ 1954ರಲ್ಲಿ ಅದನ್ನು ಟೋಕಿಯೊದ್ದೇ ಇನೊಕಾಶಿರಾ ಉದ್ಯಾನಕ್ಕೆ ಕಳಿಸಲಾಯಿತು. 2016ರ ಮೇ ತಿಂಗಳಲ್ಲಿ ಅದು ಸತ್ತಾಗ ವಯಸ್ಸು 69. ಹತ್ತಿರದ ಕಿಚಿಜೋಜಿ ನಿಲ್ದಾಣದ ಎದುರು ಈಗ ಹನಾಕೊಳ ಪ್ರತಿಮೆಯಿದೆ.

ಟೋಕಿಯೊಗೆ ಬರಲಾಗದ ಮಕ್ಕಳಿಗಾಗಿ ಇಂದಿರಾ 1950ರಲ್ಲಿ ಪ್ರವಾಸ ಹೊರಟಿತು. ಸಂಚಾರಿ ಮೃಗಾಲಯವೊಂದು ಉತ್ತರದ ಹೊಕ್ಕೈಡೊ ದ್ವೀಪದವರೆಗೆ ಊರೂರು ಸುತ್ತಿತು. ಭಾರತ ಮತ್ತು ಜಪಾನ್ ನಡುವೆ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1952ರ ಜೂನ್ 9ರಂದು. ಸರ್ಕಾರಗಳ ಕಾಗದಪತ್ರಕ್ಕೆ ಮೂರು ವರ್ಷ ಮೊದಲೇ ಈ ಆನೆ ರಾಯಭಾರ ವಹಿಸಿತ್ತು. 1957ರ ಅಕ್ಟೋಬರಿನಲ್ಲಿ ನೆಹರೂ ಜಪಾನಿಗೆ ಹೋದಾಗ ಮಗಳೊಂದಿಗೆ ಉಯೆನೊಗೂ ಹೋಗಿ ಇಂದಿರಾಳನ್ನು ಕಂಡರು. ಆನೆಯ ಎದುರು ಅದೇ ಹೆಸರಿನವರು ನಿಂತದ್ದು ಪತ್ರಿಕೆಗಳಿಗೆ ಒಳ್ಳೆಯ ಸುದ್ದಿಯಾಯಿತು.

ನೆಹರೂ ಆಮೇಲೆಯೂ ಇಂಥ ಕೊಡುಗೆಗಳನ್ನು ಕಳಿಸಿದರು. 1951ರಲ್ಲಿ ಬರ್ಲಿನ್ ಮಕ್ಕಳಿಗೆ ಶಾಂತಿ, 1954ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮಕ್ಕಳಿಗೆ ಮುರುಗನ್ ಎಂಬ ಆನೆಗಳು ಹೋದವು. ಮೊದಲ ದಾರಿ ತೋರಿಸಿದ್ದು ಟೋಕಿಯೊ ಮಕ್ಕಳ ಪತ್ರ.

ಇಂದಿರಾ 34 ವರ್ಷ ಉಯೆನೊದಲ್ಲಿ ಬಾಳಿ 1983ರ ಆಗಸ್ಟ್ 11ರಂದು ಸತ್ತಿತು. ಮರುವರ್ಷ ಪ್ರಧಾನಿ ಇಂದಿರಾ ಗಾಂಧಿ ಅವರ ಸರ್ಕಾರ ಆಶಾ ಮತ್ತು ದಯಾ ಎಂಬ ಎರಡು ಆನೆಗಳನ್ನು ಕಳಿಸಿಕೊಟ್ಟಿತು.

ಪಾಂಡಾದ ಸಾಲು, ಅರುಣನ ಹುಟ್ಟು

ಉಯೆನೊ ಎಂದರೆ ಆನೆ ಎಂಬ ಮಾತು 1972ರಲ್ಲಿ ಬದಲಾಯಿತು. ಜಪಾನ್ ಮತ್ತು ಚೀನಾ ರಾಜತಾಂತ್ರಿಕ ಸಂಬಂಧವನ್ನು ಮತ್ತೆ ಬೆಸೆದ ಕುರುಹಾಗಿ ಅಕ್ಟೋಬರ್ 28ರಂದು ಕಾಂಗ್ ಕಾಂಗ್, ಲಾನ್ ಲಾನ್ ಎಂಬ ಪಾಂಡಾಗಳು ಬಂದವು. ಎರಡು ಗಂಟೆ ಸಾಲಿನಲ್ಲಿ ನಿಂತು ಐವತ್ತು ಸೆಕೆಂಡು ನೋಡುವುದು ಎಂಬ ಮಾತೇ ಆಗ ಹುಟ್ಟಿಕೊಂಡಿತು. ಆನೆ ಬಂದದ್ದು ಮಕ್ಕಳು ಬೇಡಿದ್ದಕ್ಕೆ; ಪಾಂಡಾ ಬಂದದ್ದು ಸರ್ಕಾರಗಳು ಕೈಕುಲುಕಿದ್ದಕ್ಕೆ. ಮಕ್ಕಳಿಗೆ ಎರಡರ ನಡುವೆ ಭೇದವಿಲ್ಲ. ಆದರೆ ಹಿಂದಿನ ಕಥೆ ಗೊತ್ತಿದ್ದ ಹಿರಿಯರಿಗೆ ಭೇದ ಕಾಣದಿರದು.

ಕಾಲ ಬದಲಾದಂತೆ ಆನೆಯನ್ನು ಕಾಡಿನಿಂದ ಹಿಡಿದು ಹಡಗು ಹತ್ತಿಸುವುದು ಸರಿಯೇ ಎಂಬ ಪ್ರಶ್ನೆಯೂ ಎದ್ದಿತು. ಏಷ್ಯಾದ ಆನೆ ಅಳಿವಿನಂಚಿನ ಪ್ರಾಣಿ. ಅದರ ಅಂತರರಾಷ್ಟ್ರೀಯ ವ್ಯಾಪಾರ 1975ರಿಂದ ನಿಷಿದ್ಧ. ಮೃಗಾಲಯಗಳು ತಮ್ಮಲ್ಲಿರುವ ಪ್ರಾಣಿಗಳ ಸಂತತಿಯನ್ನು ತಾವೇ ಬೆಳೆಸಬೇಕಾಯಿತು. 2002ರಲ್ಲಿ, ರಾಜಕುಮಾರಿ ಐಕೊ ಅವರ ಜನನದ ನೆನಪಿಗೆ, ಥಾಯ್ಲೆಂಡ್ ಒಂದು ಜೋಡಿ ಆನೆಗಳನ್ನು ಉಯೆನೊಗೆ ಕೊಟ್ಟಿತು. ಗಂಡಿನ ಹೆಸರು ಆರ್ಟಿತ್, ಹೆಣ್ಣಿನ ಹೆಸರು ಉಟಾಯ್. ಥಾಯ್ ಭಾಷೆಯ ಉಚ್ಚಾರವನ್ನು ಸರಿಸಿ ನೋಡಿದರೆ ಇವು ನಮ್ಮ ಆದಿತ್ಯ ಮತ್ತು ಉದಯ. 2020ರ ಆಗಸ್ಟಿನಲ್ಲಿ ಆರ್ಟಿತ್ ಸತ್ತಿತು. ಅದಾದ ಎರಡು ತಿಂಗಳ ಮೇಲೆ, ಅಕ್ಟೋಬರ್ 31ರಂದು, ಉಟಾಯ್ ಒಂದು ಗಂಡು ಮರಿ ಹಾಕಿತು. ಉಯೆನೊಗೆ ಮೊದಲ ಆನೆ ಬಂದದ್ದು 1888ರಲ್ಲಿ. ಅಲ್ಲಿಂದ 132 ವರ್ಷಗಳಲ್ಲಿ ಅಲ್ಲಿ ಆನೆಮರಿ ಹುಟ್ಟಿದ್ದು ಅದೇ ಮೊದಲು. ಮರಿಗೆ ಇಟ್ಟ ಹೆಸರು ಅರುಣ್. ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಮರಿಯನ್ನು ನೋಡಲು ಬರುವ ಜಪಾನಿ ಮಕ್ಕಳ ಸಂಖ್ಯೆಯೇ ಕುಗ್ಗುತ್ತಿದೆ. ಇಂದಿರಾ ಬಂದ 1949ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಸುಮಾರು 27 ಲಕ್ಷ. ಯಾವ ವರ್ಷವೂ ಅಷ್ಟು ಮಕ್ಕಳು ಹುಟ್ಟಿದ್ದಿಲ್ಲ. 2024ರಲ್ಲಿ ಹುಟ್ಟಿದವರು 6 ಲಕ್ಷ 86 ಸಾವಿರ. ಟೋಕಿಯೊದಲ್ಲಂತೂ ಒಬ್ಬ ಮಹಿಳೆಗೆ ಸರಾಸರಿ ಒಂದು ಮಗುವೂ ಇಲ್ಲದ ಸ್ಥಿತಿ. ಹಸಿದ, ಸುಟ್ಟ ನಗರದಲ್ಲಿ ಮಕ್ಕಳು ತುಂಬಿದ್ದರು, ಆನೆಯಿರಲಿಲ್ಲ. ಎಲ್ಲವೂ ಇರುವ ನಗರದಲ್ಲಿ ಆನೆಯಿದೆ, ಮಕ್ಕಳು ಕಡಿಮೆ. ಆ ಜಾಗವನ್ನು ಈಗ ಸ್ವಲ್ಪಮಟ್ಟಿಗೆ ತುಂಬುತ್ತಿರುವವರು ಹೊರದೇಶಗಳಿಂದ ಮಕ್ಕಳೊಂದಿಗೆ ಬರುವ ಕುಟುಂಬಗಳು. ಬೆಂಗಳೂರು, ಮೈಸೂರುಗಳಿಂದ ಹೋಗುವವರೂ ಅವರಲ್ಲಿದ್ದಾರೆ.

ಏನು ಹೇಳುವುದು?

ಮೃಗಾಲಯದೊಳಗೆ ಸತ್ತ ಪ್ರಾಣಿಗಳ ಸ್ಮಾರಕವೊಂದಿದೆ. ಜಪಾನಿನ ಮೃಗಾಲಯಗಳಲ್ಲಿ ಇಂಥ ಸ್ಮಾರಕಗಳು ಸಾಮಾನ್ಯ. ಅವುಗಳ ಮುಂದೆ ಹೂವಿಟ್ಟು ಕೈಮುಗಿಯುವ ಪದ್ಧತಿಯೂ ಉಂಟು. ಇದೇನು ಎಂದು ಐದಾರು ವರ್ಷದ ಮಗು ಕೇಳಿದರೆ ತಂದೆತಾಯಿ ಏನು ಹೇಳಬೇಕು?

ಸತ್ತುಹೋದ ಪ್ರಾಣಿಗಳ ನೆನಪು ಎಂದು ಹೇಳಿ ಮುಂದೆ ಹೋಗಬಹುದು. ಅದು ಸುಳ್ಳಲ್ಲ. ಜಪಾನಿನ ಎರಡು ಮೂರು ತಲೆಮಾರು ಹೇಳಿದಂತೆ, ಬಾಂಬು ಬೀಳುತ್ತಿದ್ದವು, ಆದ್ದರಿಂದ ಆನೆಗಳು ಸಾಯಬೇಕಾಯಿತು ಎನ್ನಬಹುದು. ಅದರಲ್ಲಿ ಕನಿಕರವಿದೆ, ಯುದ್ಧ ಬೇಡವೆಂಬ ನೀತಿಯೂ ಇದೆ. ಆದರೆ ಆ ಮಾತಿನಲ್ಲಿ ಯುದ್ಧವೆಂಬುದು ಮಳೆ ಗಾಳಿಯಂತೆ ತಾನೇ ಬಂದದ್ದಾಗುತ್ತದೆ. ಕೊಲ್ಲಬೇಕೆಂದು ತೀರ್ಮಾನಿಸಿದ ಮನುಷ್ಯರು ಕಾಣೆಯಾಗುತ್ತಾರೆ. ಶ್ರದ್ಧಾಂಜಲಿಯ ದಿನ ಆನೆಮನೆಗೆ ಕಟ್ಟಿದ್ದ ಪರದೆ ಒಂದು ಬಗೆಯಲ್ಲಿ ಈ ಕಥೆಗೂ ಅಡ್ಡವಾಗಿ ಉಳಿಯಿತು ಎನ್ನಬೇಕು.

ತೀರ ಚಿಕ್ಕ ಮಕ್ಕಳಿಗೆ ಎಲ್ಲ ವಿವರ ಬೇಕಾಗಿಲ್ಲ. ಆದರೂ ಹೇಳಬಹುದಾದ ಒಂದು ಕಥೆ ಇದೆ. ದೊಡ್ಡವರು ಇಲ್ಲಿ ಒಮ್ಮೆ ತಪ್ಪು ಮಾಡಿದರು, ಮಕ್ಕಳಿಂದ ಅದನ್ನು ಮುಚ್ಚಿಟ್ಟರು. ಆಮೇಲೆ ಮಕ್ಕಳು ಸಭೆ ಸೇರಿದರು, ರೈಲು ಹತ್ತಿದರು, ದೂರದ ದೇಶಕ್ಕೆ ಕಾಗದ ಬರೆದರು. ಆ ಕಾಗದಕ್ಕೆ ಉತ್ತರವಾಗಿ ನಮ್ಮೂರ ಕಡೆಯಿಂದ, ನಮ್ಮ ಭಾಷೆ ತಿಳಿದ ಆನೆಯೊಂದು ಇಲ್ಲಿಗೆ ಬಂತು. ಇದಿಷ್ಟೂ ನಿಜ, ಐದು ವರ್ಷದ ಮಗುವಿಗೂ ಅರ್ಥವಾಗುವಂಥದ್ದು.